ಗುಡಿ ಮೆಟ್ಟಿಲಲ್ಲಿ ಹೀರೋನ ಬೂಟು

ಗೆಳೆಯರೇ, ಇವತ್ತು ನನ್ನ ವಿಡಿಯೋ ಗೇಮಿನ ಹೀರೋಗೆ ಬೂಟು ಬಿಚ್ಚಿಸಿದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನೇ ಮಾಡಿದ ಸಾಹಸದ ಆಟ ಇದು. ನಮ್ಮೂರು ನುಗ್ಗೇಹಳ್ಳಿಯ ದೇವಸ್ಥಾನದಂಥದ್ದೇ ಒಂದು ಗುಡಿ, ಅದರೊಳಗೆ ನಿಧಿ. ಬೆಳಿಗ್ಗೆ ಹಾಸನದ ನಮ್ಮ ಕಾಲೇಜ್ ಲ್ಯಾಬಿನಲ್ಲಿ ಕ್ಲಾಸ್‌ಮೇಟ್ ಚಂದ್ರುಗೆ ಆಡಲು ಕೊಟ್ಟೆ. ಅರಕಲಗೂಡಿನವನು, ಬಾಯಿ ಜೋರು. ನಾನು ಟೀ ಕುಡಿದು ಬರುವಷ್ಟರಲ್ಲಿ ನಿಧಿ ಹೊಡೆದು ಮೂಗು ಮುರಿಯುತ್ತ ಕೂತಿದ್ದ.

"ಸಪ್ಪೆ ಕಣ್ಲಾ. ಅದೂ ಅಲ್ದೆ ನಿನ್ ಹೀರೋ ಬೂಟ್ ಹಾಕ್ಕಂಡೇ ಗುಡಿ ಒಳಕ್ಕೆ ನುಗ್ತಾವ್ನೆ!"

"ಲೇ, ಇದು ಆಟ ಕಣ್ಲಾ."

"ಆಟ ಆದ್ರೇನ್ಲಾ? ಗುಡಿ ಗುಡೀನೇ ಅಲ್ವಾ?"

ಸಿಟ್ಟು ಬಂತು, ಆದರೆ ಮಾತು ನಾಟಿತು. ಸಂಜೆಯೊಳಗೆ ಆಟ ಬದಲಾಯಿಸಿದೆ. ಈಗ ಮೆಟ್ಟಿಲ ಬಳಿ ಬೂಟು ಬಿಡದಿದ್ದರೆ ಬಾಗಿಲು ತೆರೆಯುವುದಿಲ್ಲ. ಬಿಟ್ಟರೆ ಒಳಗಿನ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲುಚಪ್ಪಡಿ, ಹೆಜ್ಜೆ ಹೆಜ್ಜೆಗೂ ಜೀವ ಕಡಿಮೆಯಾಗುತ್ತದೆ. ಚಂದ್ರು ಮತ್ತೆ ಮತ್ತೆ ಕಾಲು ಸುಟ್ಟುಕೊಂಡು ಸತ್ತ. ಕೊನೆಗೆ, ನಾವೆಲ್ಲ ಚಿಕ್ಕಂದಿನಿಂದ ಮಾಡುವ ಹಾಗೆ, ಗೋಡೆಯ ನೆರಳಿಗೆ ಅಂಟಿಕೊಂಡು ಹೀರೋನನ್ನು ಓಡಿಸಿ ಗೆದ್ದ.

"ಅಬ್ಬಾ, ಈಗೈತೆ ನೋಡ್ಲಾ ಮಜಾ!"

ಎದೆಯುಬ್ಬಿತು. ಫಾರಿನ್ ಗೇಮಿನ ಹೀರೋಗಳು ಬೆಂಕಿ ಹಾರುತ್ತಾರೆ, ಸಿಂಹ ಹೊಡೆಯುತ್ತಾರೆ. ನಮ್ಮ ಗುಡಿಯ ಅಂಗಳ ದಾಟಲಿ ನೋಡೋಣ!

ಹೊರಡುವಾಗ ಚಂದ್ರು ಇನ್ನೊಂದು ತಪ್ಪು ಹಿಡಿದ. "ಎಲ್ಲಾ ಸರಿ, ಇದ್ರಲ್ಲಿ ವಿಲನ್ ಎಲ್ಲವ್ನೆ?"

ಅವನನ್ನೂ ಈಗಷ್ಟೇ ಸೇರಿಸಿದೆ. ನಿಧಿ ಹೊತ್ತು ಹೀರೋ ಹೊರಗೆ ಬಂದಾಗ, ಮೆಟ್ಟಿಲ ಬಳಿ ಬೂಟು ಇರುವುದಿಲ್ಲ.