ಹುಣಸೆಯ ಕೆಚ್ಚಿನ ಎರಡು ಹಿಡಿಕೆ

ಇಳಕಲ್ಲಿನ ಆ ಓಣಿಗೆ ಬಂದು ಲಾಳಿ ಶೇಖವ್ವನ ಮನೆ ಯಾವುದು ಎಂದರೆ ಆಡುವ ಮಕ್ಕಳೂ ಕೈ ಮಾಡಿ ತೋರಿಸುತ್ತಿದ್ದರು. ಮಗ್ಗದಲ್ಲಿ ಅತ್ತಿಂದಿತ್ತ ನೂಲು ಹೊತ್ತು ಓಡುವ ಲಾಳಿಯನ್ನು ಮಾಡುವ ಮನೆ ಅದು. ಗಂಡ ರಾಮಲಿಂಗಪ್ಪ ಇದ್ದಾಗ ಮರ ಕೊಯ್ದು ಕೆತ್ತುವುದು ಅವನು, ಉಜ್ಜಿ ನಯ ಮಾಡುವುದು ಇವಳು. ಅವನು ತೀರಿಕೊಂಡ ಮೇಲೆ ಎರಡೂ ಇವಳ ಪಾಲಿಗೇ ಬಂದವು. ಹೆಂಗಸು ಉಳಿ ಹಿಡಿದಳೆಂದು ನಕ್ಕವರಿದ್ದರು. ಶೇಖವ್ವ ಅವರೆದುರಿಗೇ ಒಂದು ಲಾಳಿಯನ್ನು ತೋರುಬೆರಳ ಮೇಲೆ ಅಡ್ಡಲಾಗಿ ನಿಲ್ಲಿಸಿ, "ನಗೂದು ಮುಗೀತಂದ್ರ ಇದನ್ನ ಹಿಂಗ ನಿಂದರಿಸಿ ತೋರಸ್ರಿ" ಎನ್ನುತ್ತಿದ್ದಳು. ಅತ್ತ ವಾಲದೆ ಇತ್ತ ವಾಲದೆ ನಿಲ್ಲುತ್ತಿತ್ತು ಅದು. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳಲು ಅವಳಿಗೆ ಎಂದೂ ನಾಚಿಕೆಯಿರಲಿಲ್ಲ. "ಮಂದಿ ಹೊಗಳೂತನಾ ಕಾಯ್ಕೋತ ಕುಂತ್ರ ಮುಂದಿನ ರೊಟ್ಟಿ ಆರತಾವ" ಎಂಬುದು ಅವಳ ಮಾತು.

ಆದರೆ ಕೈಮಗ್ಗಗಳು ಒಂದೊಂದೇ ನಿಂತವು. ಓಣಿಯ ತುಂಬ ಪವರ್‌ಲೂಮಿನ ಸದ್ದು ಎದ್ದಿತು. ಲಾಳಿ ಕೇಳಿಕೊಂಡು ಬರುವವರು ಬರಬರುತ್ತ ಇಲ್ಲವೇ ಆದರು. ಪಡಸಾಲೆಯ ಅರ್ಧ ಜಾಗ ಹಿಡಿದು ಕೂತಿದ್ದ ಬೇವಿನ ಕೆಲಸದ ಹಲಗೆಯ ಮೇಲೆ ಮಗ ಸಂಜುವಿನ ಕಣ್ಣು ಬಿತ್ತು.

"ಯವ್ವಾ, ಈ ಹಲಗಿ ತಗದ್ರ ಇಲ್ಲೇ ಒಂದು ಸೀರಿ ಅಂಗಡಿ ಇಡಬಹುದು. ನಿನ್ನ ಸೊಸಿ ಪ್ರೀತಿ ಕುಂದ್ರತಾಳ. ಈ ಹಲಗಿ ಯಾರಿಗೆ ಬೇಕಾಗೈತಿ ಹೇಳು?"

ಮಗನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಶೇಖವ್ವನಿಗೆ ಹೆಚ್ಚು ಚುಚ್ಚಿತು.

"ಉಗಾದಿತನಾ ತಡಿ. ಅಷ್ಟರಾಗ ನನ್ನ ಕೈಕೆಲಸಾ ಕೇಳ್ಕೋತ ಯಾರೂ ಬರಲಿಲ್ಲಂದ್ರ ನೀನ ಎತ್ತಿ ಹೊರಗ ಹಾಕು. ನಾ ತುಟಿ ಬಿಚ್ಚೂದಿಲ್ಲ" ಎಂದಳು. ಕೊಟ್ಟ ಮಾತು ತಿರುಗಿಸುವವಳಲ್ಲ ಅವಳು. ಸಂಜುವಿಗೂ ಅದು ಗೊತ್ತಿತ್ತು.

ಹಬ್ಬ ಹತ್ತಿರ ಬಂದಾಗ ಬಾಗಲಕೋಟೆಯಿಂದ ಮುರ್ತುಜಸಾಬ ಬಂದ. ಗ್ಯಾರೇಜು ಇಟ್ಟವನು. ಅವನ ಸೋದರಮಾವನಿಗೆ ಇದೇ ಓಣಿಯ ಆಚೆ ಮಗ್ಗವಿತ್ತು. ಬೂಟು ಹೊರಗೆ ಬಿಟ್ಟು ಒಳಗೆ ಬಂದು ಕೂತ.

"ಶೇಖವ್ವಾರ, ಲಾಳಿ ಬ್ಯಾಡರಿ. ಕಾರಿನ ಸೀಟಿಗೆ ಹಿಡಿಕಿ ಬೇಕಾಗ್ಯಾವ."

"ಕಾರಿಗಿ ಹಿಡಿಕಿ ಮಾಡಾಕ ನಾ ಏನು ಕಾರಿನ ಅವ್ವನೇನೋ?"

ಮುರ್ತುಜಸಾಬ ನಕ್ಕು ಬಿಡಿಸಿ ಹೇಳಿದ. ವಿದ್ಯಾಗಿರಿಯಲ್ಲಿ ಮಹೇಶ್ವರಿ ಎಂಬಾಕೆ ಇದ್ದಾಳೆ, ಕಾಲೇಜಿನಲ್ಲಿ ಕಲಿಸುವವಳು. ಅವಳ ಅಪ್ಪ ಜೀವದಂತೆ ಇಟ್ಟುಕೊಂಡಿದ್ದ ಹಳೆಯ ಕಾಲದ ಸ್ಪೋರ್ಟ್ಸ್ ಕಾರು ಈಗ ಅವಳದು. ಉದ್ದ ಮೂತಿ, ಕೆಂಪು ಬಣ್ಣ, ಎರಡೇ ಸೀಟು. ಸೀಟಿನ ಪಕ್ಕದ ಹಿಡಿಕೆ ಮೇಲೆತ್ತಿದರೆ ಸೀಟು ಹಿಂದೆ ಮುಂದೆ ಸರಿಯಬೇಕು. ಎರಡೂ ಹಿಡಿಕೆ ಮುರಿದಿದ್ದವು. ಓಡಿಸುವವರ ಸೀಟು ಎತ್ತರದ ಅಪ್ಪ ಕೂರುತ್ತಿದ್ದಲ್ಲೇ ಹಿಂದೆ ಸಿಕ್ಕಿಕೊಂಡಿತ್ತು. ಮಗಳ ಕಾಲು ಕ್ಲಚ್ಚಿಗೆ ಎಟುಕುತ್ತಿರಲಿಲ್ಲ. ಪಕ್ಕದ ಸೀಟು ಪೂರಾ ಮುಂದೆ ಸಿಕ್ಕಿಕೊಂಡಿತ್ತು. ತರಿಸಿದ ಪ್ಲಾಸ್ಟಿಕ್ ಹಿಡಿಕೆಗಳು ಎಳೆಯುತ್ತಲೇ ಪಟಕ್ಕೆಂದಿದ್ದವು. ಬರುವ ಭಾನುವಾರ ಬಾದಾಮಿಯಲ್ಲಿ ಹಳೆಯ ಗಾಡಿಗಳೆಲ್ಲ ಕೂಡುತ್ತವೆ. ಅಪ್ಪನ ಕಾರನ್ನು ತಾನೇ ಓಡಿಸಿಕೊಂಡು ಹೋಗಬೇಕೆಂದು ಆಕೆಯ ಹಟ.

"ದಿನಾ ಪೆಟ್ಟು ತಿಂದರೂ ಮುರೀಲಾರದ ಕಟಗಿ ಅಂದ್ರ ಲಾಳಿ ಒಂದರಿ. ಮಾವನ ಮಗ್ಗದಾಗ ನಾ ಕಣ್ಣಾರೆ ನೋಡೇನಿ. ಅದಕ್ಕ ನಿಮ್ಮ ಕಡೆ ಬಂದೆ" ಎಂದು ಚೀಲದಿಂದ ಒಂದು ಹಿಡಿಕೆ ತೆಗೆದಿಟ್ಟ. ಮುರಿದ ಎರಡು ತುಂಡನ್ನು ದಾರದಿಂದ ಬಿಗಿದಿದ್ದ. "ಇನ್ನೊಂದು ಎಲ್ಲೋ ಕಳದೈತಿ. ಇಂಥಾವ ಎರಡು ಮಾಡ್ರಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸಂಜು, "ಬರೇ ಕೇಳಿದ್ರ ಆಗಲಿಲ್ಲ ಯವ್ವಾ. ಲಾಳಿ ಬ್ಯಾರೆ, ಕಾರು ಬ್ಯಾರೆ. ಹಿಡಿಕಿ ಅಲ್ಲಿ ಸರಿಯಾಗಿ ಕುಂತ್ರ ಖರೆ" ಎಂದ.

"ಕುಂದ್ರತಾವ. ಉಗಾದಿಯೊಳಗ ಎರಡರಾಗ ಒಂದು ಕುಂದ್ರಲಿಲ್ಲಂದ್ರೂ ಹಲಗಿ ನಿಂದು" ಎಂದಳು ಶೇಖವ್ವ.

ಹುಣಸೆ ಮರದ ನಡುವಿನ ಗಟ್ಟಿ ಕೆಚ್ಚನ್ನು ಅವಳು ಕುಸುಬಿ ಎಣ್ಣೆಯಲ್ಲಿ ನೆನೆಹಾಕಿ ಇಟ್ಟಿರುತ್ತಿದ್ದಳು. ಎಣ್ಣೆ ಕುಡಿದು ಕಪ್ಪಗಾದ ಕಟ್ಟಿಗೆ ಕಲ್ಲಿನ ಹಾಗಿತ್ತು. ಹಿಡಿಕೆ ಹೊರಕ್ಕೆ ಬಾಗುವಂತೆ ಕೆತ್ತಿದಳು, ಬೆರಳು ಕೂರಲು ತಗ್ಗು ಮಾಡಿದಳು. ಕಬ್ಬಿಣದ ಸರಳು ಹೋಗುವ ತೂತು ಕೊರೆಯುವುದು ಕಷ್ಟವಾಗಲಿಲ್ಲ. ಲಾಳಿಯ ಮೂತಿಗೆ ಕಬ್ಬಿಣ ಕೂರಿಸಿ ಕೂರಿಸಿ, ಮರ ಎಲ್ಲಿ ಸೀಳುತ್ತದೆಂಬುದು ಕೈಗೆ ತಿಳಿದಿತ್ತು. ಕೊನೆಗೆ ಒಂದು ರೇಶ್ಮೆ ಎಳೆ ತೆಗೆದುಕೊಂಡು ಹಿಡಿಕೆಯ ಮೈಮೇಲೆಲ್ಲ ಎಳೆದಳು. ಎಳೆ ಎಲ್ಲಿ ತಡೆಯುತ್ತದೋ ಅಲ್ಲಿ ಮತ್ತೆ ಉಜ್ಜಬೇಕು. ಲಾಳಿಗೆ ಮಾಡುವ ಪರೀಕ್ಷೆ ಅದು.

ಸೊಸೆ ಪ್ರೀತಿ ರೊಟ್ಟಿ ಬಡಿಯುತ್ತ, "ಅತ್ತಿ, ಆ ಕಾರು ಸೀರಿ ನೇಯತೈತೇನ್ರಿ?" ಎಂದಳು.

"ನೇಯೂದಿಲ್ಲವಾ. ಸೀರಿ ಉಟ್ಟಾಕಿ ಅದರಾಗಿಂದ ಇಳೀತಾಳಲ್ಲ, ಸೆರಗು ಹರೀಬಾರದು."

ಶನಿವಾರ ಬೆಳಿಗ್ಗೆ ಎರಡೂ ಹಿಡಿಕೆಗಳನ್ನು ಹಳೆಯ ಖಣದ ಬಟ್ಟೆಯಲ್ಲಿ ಸುತ್ತಿಕೊಂಡು, ತಾನೇ ಬಸ್ಸು ಹತ್ತಿ ಬಾಗಲಕೋಟೆಗೆ ಹೋದಳು. ತನ್ನ ಕೆಲಸ ಕೂರುವುದನ್ನು ತಾನೇ ನೋಡಬೇಕು. ಗ್ಯಾರೇಜಿನಲ್ಲಿ ಮಹೇಶ್ವರಿ ಕಾಯುತ್ತಿದ್ದಳು. ಮುರ್ತುಜಸಾಬ ಬಲಗಡೆಯ ಹಿಡಿಕೆ ಕೂರಿಸಿ, ಅಡ್ಡ ಮೊಳೆ ಹೊಡೆದ. ಮಹೇಶ್ವರಿ ಒಳಗೆ ಕೂತು ಎಳೆದಳು. ಸೀಟು ಸರ್ರನೆ ಮುಂದೆ ಬಂತು. ಕಾಲು ಕ್ಲಚ್ಚಿಗೆ ಮುಟ್ಟಿತು.

"ಮುಟ್ತರಿ ಅವ್ವಾರ!" ಎಂದವಳ ಕಣ್ಣು ತುಂಬಿದ್ದವು. ಶೇಖವ್ವ ಸುತ್ತಲಿನವರನ್ನೆಲ್ಲ ಒಮ್ಮೆ ನೋಡಿದಳು, ಎಲ್ಲರೂ ನೋಡಿದರೋ ಇಲ್ಲವೋ ಎಂದು.

ಎಡಗಡೆಯದಕ್ಕೆ ಬಂದಾಗ ಮುರ್ತುಜಸಾಬನ ಕೈ ನಿಂತಿತು. ಹಿಡಿಕೆಯ ಬಾಗು ಹೊರಗೆ ಬರುವ ಬದಲು ಸೀಟಿನ ಕಡೆಗೇ ತಿರುಗಿತ್ತು. ಸಂದಿಯಲ್ಲಿ ಬೆರಳು ತೂರುತ್ತಿರಲಿಲ್ಲ. ತಿರುವಿ ಹಾಕಿದರೆ ನೆಲಕ್ಕೆ ತಾಗುತ್ತಿತ್ತು.

ಶೇಖವ್ವನಿಗೆ ಕೂಡಲೇ ತಿಳಿಯಿತು. ಬಲಗಡೆಯ ಹಿಡಿಕೆ ಬಲಕ್ಕೆ ಬಾಗಿದರೆ ಎಡಗಡೆಯದು ಎಡಕ್ಕೆ ಬಾಗಬೇಕು, ಎರಡು ಕಾಲಿನ ಚಪ್ಪಲಿಯ ಹಾಗೆ. ಜನ್ಮವೆಲ್ಲ ಲಾಳಿ ಮಾಡಿದ ಕೈ ಅದನ್ನು ಯೋಚಿಸಿರಲಿಲ್ಲ. ಅತ್ತ ಹೋಗುವ ಲಾಳಿಯೇ ಇತ್ತ ಬರುವುದು.

"ಲಾಳಿಗೆ ಎಡಾ ಬಲಾ ಇರೂದಿಲ್ಲವಾ. ಮಾಡಿಬಿಟ್ಟೆ ಎರಡೂ ಒಂದ ಥರಾ" ಎಂದಳು.

"ಇಂಥಾವ ಎರಡು ಅಂದಾಂವ ನಾನರಿ. ತಪ್ಪು ನಂದೂ ಐತಿ" ಎಂದ ಮುರ್ತುಜಸಾಬ.

ಮಹೇಶ್ವರಿ, "ಇರಲಿ ಬಿಡ್ರಿ. ನಾ ಓಡಸೂ ಸೀಟು ಸರಿ ಆತಲ್ಲ, ನನಗಷ್ಟ ಸಾಕು. ನಿಮ್ಮ ಕೆಲಸಾ ಭಾಳ ಛಲೋ ಆಗೈತಿ" ಎಂದಳು.

ಹೂಂ ಎಂದು ಬಸ್ಸು ಹತ್ತಬಹುದಿತ್ತು. ಎರಡೂ ಕೂತವು ಎಂದರೆ ಇಳಕಲ್ಲಿನಲ್ಲಿ ಇಲ್ಲವೆನ್ನುವವರು ಯಾರು? ಹಲಗೆ ಉಳಿಯುತ್ತಿತ್ತು. ಶೇಖವ್ವ ಹಿಡಿಕೆಯನ್ನು ಮತ್ತೆ ಖಣದಲ್ಲಿ ಸುತ್ತಿದಳು.

"ನನ್ನ ಕೈಯಿಂದ ಅರ್ಧಾ ಕೆಲಸಾ ಹೊರಗ ಹೋಗೂದಿಲ್ಲ ತಂಗಿ. ನೀವು ನನ್ನ ಮನಿಗೆ ಬರ್ರಿ. ಕಟಗಿ ಐತಿ, ಹಲಗಿ ಐತಿ. ಸಂಜಿಯೊಳಗ ಮಾಡಿಕೊಡ್ತೇನಿ."

ಮಹೇಶ್ವರಿ ಕಾರಿನ ಕಡೆ ನೋಡಿದಳು, ಶೇಖವ್ವನ ಕಡೆ ನೋಡಿದಳು. "ಹಂಗಾರ ಹತ್ರಿ ಅವ್ವಾರ!"

ಹೀಗೆ ಶೇಖವ್ವ ಕೆಂಪು ಕಾರು ಹತ್ತಿದಳು. ಮುರ್ತುಜಸಾಬ ಪಾನಾ, ಸುತ್ತಿಗೆ ಕಟ್ಟಿಕೊಂಡು ಮೋಟಾರ್‌ಸೈಕಲ್ಲಿನ ಮೇಲೆ ಹಿಂದೆ ಬಂದ. ಎಡದ ಸೀಟು ಮುಂದೆಯೇ ಸಿಕ್ಕಿಕೊಂಡಿತ್ತಲ್ಲ, ದಾರಿಯುದ್ದಕ್ಕೂ ಶೇಖವ್ವನ ಮೊಣಕಾಲು ಗಲ್ಲಕ್ಕೆ ಹತ್ತಿದ್ದವು. ಹುನಗುಂದದಲ್ಲಿ ಚಹಾಕ್ಕೆ ನಿಂತಾಗ ಮಂದಿ ಮುತ್ತಿದರು. ಗುರುತಿನ ನೀಲಪ್ಪ ಬಗ್ಗಿ ನೋಡಿ, "ಏನ ಶೇಖವ್ವ, ಇದೇನು ಕಾರೋ, ಕೋಳಿ ಬುಟ್ಟಿನೋ?" ಎಂದ.

"ತಪ್ಪು ನಂದು, ಮೊಣಕಾಲೂ ನಂದು. ನಿಂದೇನು ಹೋತೋ ನೀಲಪ್ಪ? ಬರೂಮುಂದ ನೋಡು, ಕಾಲು ಚಾಚಿ ಬರ್ತೇನಿ."

ಓಣಿಗೆ ಕಾರು ಬಂದಾಗ ಪವರ್‌ಲೂಮು ನಿಲ್ಲಿಸಿ ಮಂದಿ ಹೊರಗೆ ಬಂದರು. ಕಟ್ಟೆಯ ಮೇಲೆ ಸಂಜು ಎದ್ದು ನಿಂತ.

"ಯವ್ವಾ, ಕುಂತಾವೇನು?"

"ಒಂದು ಕುಂತೈತಿ, ಒಂದು ಕುಂತಿಲ್ಲ. ಎಡದ್ದನ್ನೂ ಬಲದ್ದರ ಹಂಗ ಮಾಡಿದ್ದೆ." ಎಲ್ಲರೆದುರಿಗೇ ಅಂದಳು. "ಉಗಾದಿ ಇನ್ನೂ ಬಂದಿಲ್ಲ. ದಾರಿ ಬಿಡು."

ಸೊಸೆಯ ಕನ್ನಡಿ ತರಿಸಿ ಹಲಗೆಯ ಮೇಲೆ ಗೋಡೆಗೆ ಆನಿಸಿ ಇಟ್ಟಳು. ಕೂರದೆ ಹೋದ ಹಿಡಿಕೆಯನ್ನು ಅದರ ಮುಂದಿಟ್ಟಳು. ಕನ್ನಡಿಯೊಳಗೆ ಅದು ಎಡಕ್ಕೆ ಬಾಗಿ ಕಂಡಿತು. ಆ ಕನ್ನಡಿಯೊಳಗಿನದನ್ನು ನೋಡಿ ನೋಡಿ ಹೊಸ ಕಟ್ಟಿಗೆ ಕೆತ್ತತೊಡಗಿದಳು. ಪ್ರೀತಿ ಎಲ್ಲರಿಗೂ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಶೇಖವ್ವ ಮಾತ್ರ ಏಳಲಿಲ್ಲ. ರೇಶ್ಮೆ ಎಳೆ ಎಲ್ಲಿಯೂ ತಡೆಯದಂತಾದಾಗ ಬಿಸಿಲು ಇಳಿದಿತ್ತು.

ಮುರ್ತುಜಸಾಬ ಹಿಡಿಕೆ ಕೂರಿಸಿ ಮೊಳೆ ಹೊಡೆದು, "ನೀವ ಎಳೀರಿ" ಎಂದ. ಶೇಖವ್ವ ಸೀರೆ ಸಾವರಿಸಿಕೊಂಡು ಎಡದ ಸೀಟಿನಲ್ಲಿ ಕೂತಳು. ಹಿಡಿಕೆ ಮೇಲೆತ್ತಿದಳು. ಮಗ್ಗದಲ್ಲಿ ಲಾಳಿ ಓಡಿದ ಹಾಗೆ ಸೀಟು ಹಿಂದಕ್ಕೆ ಓಡಿತು. ಅವಳು ಎರಡೂ ಕಾಲು ನೀಡಿ ಚಾಚಿ, ಓಣಿಯವರಿಗೆಲ್ಲ ಕಾಣಲೆಂದು ಅಲ್ಲೇ ಸ್ವಲ್ಪ ಹೊತ್ತು ಕೂತಳು.

"ರಾತ್ರಿ ನಾ ಇಲ್ಲೇ ಇರ್ತೇನಿ. ನಾಳೆ ಬಾದಾಮಿಗೆ ನನ್ನ ಬಾಜೂಕ ನೀವ ಕುಂದ್ರಬೇಕ್ರಿ ಅವ್ವಾರ" ಎಂದಳು ಮಹೇಶ್ವರಿ.

"ಕುಂದ್ರಲಾರದ ಏನು? ಹುನಗುಂದದಾಗ ನೀಲಪ್ಪಗ ಕಾಲು ತೋರಸೂದೈತಿ."

ಶೇಖವ್ವ ಮನೆಯೊಳಗೆ ಬಂದಾಗ ಕೂರದ ಹಿಡಿಕೆಯನ್ನು ಪ್ರೀತಿ ಬಚ್ಚಲ ಒಲೆಗೆ ಒಯ್ಯುತ್ತಿದ್ದಳು. ಶೇಖವ್ವ ಅದನ್ನು ಇಸಿದುಕೊಂಡು ಹಲಗೆಯ ಮೇಲಿನ ಗೂಟಕ್ಕೆ ತೂಗುಹಾಕಿದಳು. "ಇರಲಿ. ಈ ವಯಸ್ಸಿನಾಗ ನನಗ ಎಡಾ ಬಲಾ ಕಲಿಸೈತಿ."

ಸಂಜು ಕಸಬರಿಗೆ ತಂದು ಹಲಗೆಯ ಸುತ್ತ ಬಿದ್ದಿದ್ದ ಚಕ್ಕೆ, ಪುಡಿ ಗುಡಿಸತೊಡಗಿದ.

"ಇಷ್ಟ್ಯಾಕ ತಿಕ್ಕಿ ಗುಡಸ್ತೀಯೋ ಸಂಜ್ಯಾ?" ಎಂದಳು ಶೇಖವ್ವ. "ನಾಡಿದ್ದ ಮತ್ತ ಚಕ್ಕಿ ಬೀಳತಾವ."