ಅರವತ್ತು ಎಳೆ ಹೊಸೆಯುವ ಸುತ್ತಮ್ಮ

ಬೆಳಗಿನ ಐದೂವರೆ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಓಣಿಯಂಥ ಉದ್ದನೆಯ ಕೋಣೆ. ಆ ತುದಿಯ ಗೋಡೆಗೆ ಒಂದು ಕೊಕ್ಕೆ, ಈ ತುದಿಯಲ್ಲಿ ಹಳೇ ಹೊಲಿಗೆ ಯಂತ್ರದಿಂದ ಕಿತ್ತ ಚಕ್ರ. ನಡುವಿನ ಹದಿನೆಂಟು ಹೆಜ್ಜೆ ಉದ್ದಕ್ಕೂ ಕೂದಲಿನಷ್ಟು ಸಣ್ಣ ತಾಮ್ರದ ಎಳೆಗಳು, ಲೆಕ್ಕಕ್ಕೆ ಸರಿಯಾಗಿ ಅರವತ್ತು. ಐವತ್ತಾರು ವರ್ಷದ ಹೆಂಗಸೊಬ್ಬರು ಕಿವಿಗೊಟ್ಟು, ಉಸಿರೂ ಕೇಳಿಸದ ಹಾಗೆ ಚಕ್ರ ತಿರುಗಿಸುತ್ತಿದ್ದಾರೆ. ನಾನು ಬಾಗಿಲಲ್ಲಿ ನಿಂತು ಕೆಮ್ಮುತ್ತೇನೆ.

“ಕೆಮ್ಮಿ, ಬೇಡ ಅನ್ನಲ್ಲ. ತಂತಿ ಮಾತ್ರ ದಾಟಬೇಡಿ. ಅದು ಹರಿದ್ರೆ ಇಬ್ಬರೂ ಕೂತು ಅಳಬೇಕಾಗುತ್ತೆ,” ಅನ್ನುತ್ತಾರೆ, ತಲೆ ಎತ್ತದೆ.

ಇವರೇ ಸುತ್ತಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಮೂವತ್ತೆಂಟು ವರ್ಷ ತಂತಿ ಸುತ್ತಿದ ಮೇಲೆ ಆ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಚಕ್ರದ ಕಥೆ ಕೇಳಿದರೆ ನಗುತ್ತಾರೆ. “ನಮ್ಮ ಯಜಮಾನ್ರು ದರ್ಜಿ. ಅವರ ಹಳೇ ಮಿಷನ್ನಿಂದ ಇದನ್ನ ಕಿತ್ಕೊಂಡು ಬಂದೆ ಅಂತ ಮೂರು ದಿನ ಮಾತು ಬಿಟ್ಟಿದ್ರು. ಊಟ ಮಾತ್ರ ಬಿಡಲಿಲ್ಲ!”

ಬ್ಯಾಟರಿ ಗಾಡಿಯ ಬ್ಯಾಟರಿ ಎಷ್ಟು ದುಬಾರಿ ಎಂದು ಎಲ್ಲರೂ ಮಾತಾಡುತ್ತಾರೆ. ಅದರ ಪಕ್ಕದಲ್ಲೇ ಒಂದು ಡಬ್ಬಿ ಇರುತ್ತದೆ, ಅದನ್ನು ಕೇಳುವವರಿಲ್ಲ. ಬ್ಯಾಟರಿಯ ಜೋರು ಕರೆಂಟನ್ನು ತಗ್ಗಿಸಿ ದೀಪಕ್ಕೆ, ಹಾರನ್ನಿಗೆ, ವೈಪರಿಗೆ ಹಂಚುವುದು ಆ ಡಬ್ಬಿ. ಅದು ಕೆಟ್ಟರೆ ಗಾಡಿ ತುಂಬ ಬ್ಯಾಟರಿಯಿದ್ದರೂ ದಾರಿ ಕಾಣುವುದಿಲ್ಲ, ಗಾಡಿ ಹೊರಡುವುದೂ ಇಲ್ಲ. ಡಬ್ಬಿಯೊಳಗೆ ದುಬಾರಿಯಾದದ್ದು ತಾಮ್ರದ ಸುರುಳಿ. ಅಲ್ಲಿ ಕರೆಂಟು ಸೆಕೆಂಡಿಗೆ ಲಕ್ಷ ಸಲ ಹಿಂದೆ ಮುಂದೆ ಓಡುವುದರಿಂದ ಒಂದೇ ದಪ್ಪ ತಂತಿ ಹಾಕಿದರೆ ಕಾದು ಕೆಂಡವಾಗುತ್ತದೆ. ಸಣ್ಣ ಎಳೆಗಳನ್ನು ಹೊಸೆದ ಹುರಿಯೇ ಆಗಬೇಕು. ಅಂಥ ಹುರಿಯನ್ನು ಹಡಗಿನಲ್ಲಿ ತರಿಸುತ್ತಿದ್ದ ಕಾಲದಲ್ಲಿ ಬೆಲೆ ಏರಿ ಇಲ್ಲಿನ ಡಬ್ಬಿ ಕೊಳ್ಳುವವರೇ ಇರಲಿಲ್ಲ. “ನಾವೇ ಹೊಸೆದ್ರೆ ಆಗಲ್ವಾ ಸಾರ್?” ಎಂದು ಮಾಲೀಕರನ್ನು ಕೇಳಿದವರು ಸುತ್ತಮ್ಮ. ಈಗ ಹಡಗಿನಲ್ಲಿ ಬಂದ ಒಂದು ಸುರುಳಿಯ ಬೆಲೆಗೆ ಇವರದು ನಾಲ್ಕು ಸಿಗುತ್ತವೆ. ಸರಕು ಸಾಗಿಸುವ ಮೂರು ಚಕ್ರದ ಗಾಡಿಗಳಿಗೆ ಡಬ್ಬಿ ಮಾಡುವ ಈ ಪುಟ್ಟ ಕಾರ್ಖಾನೆ ಉಸಿರಾಡುತ್ತಿರುವುದು ಅದರಿಂದಲೇ.

ಮೊದಲ ಬೇಸಿಗೆಯಲ್ಲಿ ಮಾತ್ರ ಮಾನ ಹೋಗುವುದರಲ್ಲಿತ್ತು. ಒಂಬತ್ತು ಗಾಡಿಗಳು ನಡುರಸ್ತೆಯಲ್ಲಿ ನಿಂತವು, ಡಬ್ಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಅಗ್ಗದ ತಂತಿಯದೇ ದೋಷ ಎಂದು ಎಲ್ಲರೂ ತೀರ್ಪು ಕೊಟ್ಟಾಗಿತ್ತು. “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ದೂರನ್ನ ತಂತಿ ಮೇಲೆ ಹಾಕೋ ಮುಂಚೆ ನನ್ನ ಕೈ ನೋಡ್ಕೋಬೇಕಲ್ಲ? ಒಂದನ್ನ ಕತ್ತರಿಸಿ ಭೂತಗನ್ನಡಿ ಇಟ್ಟೆ. ತಪ್ಪು ನಂದೇ,” ಅನ್ನುತ್ತಾರೆ. ಪ್ರತಿ ಎಳೆಗೂ ಮೆರುಗೆಣ್ಣೆಯ ಪದರ ಇರುತ್ತದೆ, ಕರೆಂಟು ದಾಟಲು ತುದಿಯಲ್ಲಿ ಅದನ್ನು ತೆಗೆಯಬೇಕು. ಇವರು ಬ್ಲೇಡಿನಲ್ಲಿ ಕೆರೆಯುತ್ತಿದ್ದರು. ಹೊರಗಿನ ಇಪ್ಪತ್ತು ಎಳೆ ಫಳಫಳ ಹೊಳೆಯುತ್ತಿತ್ತು, ಒಳಗಿನ ನಲವತ್ತು ಹಾಗೇ ಉಳಿದಿತ್ತು. ಅರವತ್ತು ಜನ ಹೊರುವ ಭಾರ ಇಪ್ಪತ್ತು ಜನರ ಹೆಗಲಿಗೆ ಬಿದ್ದರೆ ಇನ್ನೇನಾದೀತು? ಅಂದಿನಿಂದ ಬ್ಲೇಡು ಕಸದ ಬುಟ್ಟಿಗೆ ಹೋಯಿತು. ಕರಗಿದ ಬೆಸುಗೆ ಸೀಸದಲ್ಲಿ ತುದಿ ಅದ್ದುತ್ತಾರೆ, ಪದರವೆಲ್ಲ ಸುಟ್ಟುಹೋಗುತ್ತದೆ. ಆಮೇಲೆ ಒಂದು ಡಬ್ಬಿಯೂ ವಾಪಸ್ಸು ಬಂದಿಲ್ಲ.

ಏಳು ಗಂಟೆಗೆ ಕೆಳಗಿನ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಗುಡುಗಲು ಶುರು. ಸುತ್ತಮ್ಮ ಚಕ್ರ ಬಿಟ್ಟು ಏಳುತ್ತಾರೆ. ಹೊಸೆಯುವಾಗ ಒಂದು ಎಳೆ ಹರಿದರೂ ಹುರಿ ಕೆಟ್ಟ ಹಾಗೆ. ಹರಿದ ಸದ್ದು ಬರೀ ‘ಟಿಕ್’, ಈ ಗದ್ದಲದಲ್ಲಿ ಅದು ಕೇಳುವುದಿಲ್ಲ. ಅಷ್ಟರೊಳಗೆ ಆಗುವುದು ಐದು ಹುರಿ, ಹುರಿಗೆ ಮೂರರಂತೆ ಹದಿನೈದು ಸುರುಳಿ. ಬೇಡಿಕೆ ಇರುವುದು ದಿನಕ್ಕೆ ನಲವತ್ತಕ್ಕೆ.

“ಹಿಂದೆ ಹೀಗಿರಲಿಲ್ಲ,” ಎಂದು ಸೀಸದ ಪಾತ್ರೆ ಬಿಸಿಗಿಡುತ್ತಾ ಹೇಳುತ್ತಾರೆ. “ಆಗ ಆ ತುದೀಲಿ ನಮ್ಮಕ್ಕ ಇರ್ತಿದ್ಳು.”

ಅಕ್ಕ ಮೂರು ವರ್ಷ ದೊಡ್ಡವರು. ಅಕ್ಕತಂಗಿಯರಿಬ್ಬರೂ ರೇಡಿಯೋ ಸುರುಳಿ ಮಾಡುವ ಕಡೆ ಒಟ್ಟಿಗೆ ಕೆಲಸ ಕಲಿತವರು. ಅಲ್ಲಿ ತಂಗಿ ತಿರುಗಿಸುವುದು, ಅಕ್ಕ ಆ ತುದಿ ಹಿಡಿಯುವುದು. “ನನ್ನ ಕಿವಿಗೆ ಕೇಳೋ ಮುಂಚೆ ಅವಳ ಬೆರಳಿಗೆ ಗೊತ್ತಾಗ್ತಿತ್ತು. ‘ನಿಲ್ಸೇ!’ ಅನ್ನೋಳು. ಗುಡುಗು ಬರಲಿ ಸಿಡಿಲು ಬರಲಿ, ದಿನವಿಡೀ ಹೊಸೀತಿದ್ವಿ. ಈಗ ನಿಲ್ಸೇ ಅನ್ನೋರೇ ಇಲ್ಲ ನನಗೆ.”

ರೇಡಿಯೋ ಕೇಳುವವರು ಕಡಿಮೆಯಾಗಿ ಆ ಜಾಗಕ್ಕೆ ಬೀಗ ಬಿತ್ತು. ಅಕ್ಕ ದೂರದ ನಗರಕ್ಕೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದರು. ಹನ್ನೊಂದು ವರ್ಷವಾಯಿತು. “ಅಪ್ಪ ಅಮ್ಮ ಹೋದ್ಮೇಲೆ ನನ್ನ ತವರು ಅಂದ್ರೆ ಅವಳೇ. ಭಾನುವಾರ ಭಾನುವಾರ ಫೋನಲ್ಲಿ ತವರಿಗೆ ಹೋಗಿ ಬರ್ತೀನಿ.” ನಗಲು ನೋಡುತ್ತಾರೆ, ಆಗುವುದಿಲ್ಲ.

ಮಾಲೀಕ ಎಂಜಿನಿಯರ್ ಕೆಟ್ಟವರಲ್ಲ. “ಹೊಸೆಯೋ ಯಂತ್ರ ನೋಡಿಟ್ಟಿದ್ದೀನಿ. ಎಳೆ ಹರಿದ್ರೆ ಅದಕ್ಕೆ ತಿಳಿಯಲ್ಲ, ನಿಜ. ಆದ್ರೆ ನಲವತ್ತು ಕೊಡದಿದ್ರೆ ಗಿರಾಕಿ ಬಿಟ್ಟು ಹೋಗ್ತಾರೆ. ಇವರ ಅಕ್ಕ ಬರೋದಾದ್ರೆ ಯಂತ್ರ ಬೇಡ. ತಿಂಗಳ ಕೊನೆವರೆಗೆ ಕಾಯ್ತೀನಿ,” ಅನ್ನುತ್ತಾರೆ. ಕೋಣೆಯಲ್ಲಿ ಯಂತ್ರಕ್ಕೋ ಅಕ್ಕನಿಗೋ, ಒಬ್ಬರಿಗಷ್ಟೇ ಜಾಗ. ತಿಂಗಳ ಕೊನೆಗೆ ಇನ್ನು ಹನ್ನೊಂದು ದಿನ.

“ಅಕ್ಕ ಏನಂತಾರೆ?”

“ಆರು ವಾರದಿಂದ ‘ನೋಡೋಣ ಕಣೇ’ ಅಂತಿದ್ಳು. ಹೋದ ಭಾನುವಾರ ಬಾಯಿ ಬಿಟ್ಳು. ವರ್ಷದಿಂದ ಅವಳ ಕೈ ನಡುಗುತ್ತಂತೆ. ಲೋಟ ಹಿಡಿದ್ರೂ ನಡುಗುತ್ತಂತೆ. ‘ಬಂದು ನಿನ್ನ ತಂತಿ ಹಾಳು ಮಾಡ್ಲಾ?’ ಅಂದ್ಳು.”

“ನೀವೇನಂದ್ರಿ?”

“ಅಳು ಕೇಳಿಸಬಾರದು ಅಂತ ಫೋನ್ ಇಟ್ಬಿಟ್ಟೆ.” ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. “ಎಂಥಾ ಕೆಲಸ ಮಾಡ್ದೆ ನೋಡಿ! ಬೇಡ ಅಂದಳು ತಂಗಿ ಅಂದ್ಕೊಂಡಿರ್ತಾಳೆ.”

ಮತ್ತೆ ಫೋನ್ ಮಾಡಬಹುದಲ್ಲ ಎಂದರೆ ತಲೆ ಆಡಿಸುತ್ತಾರೆ. “ನಾಲ್ಕು ಸಲ ಮಾಡ್ದೆ. ಆ ಮಾತು ಎತ್ತಿದ್ರೆ ಮೊಮ್ಮಕ್ಕಳು ಹೇಗಿದ್ದಾರೆ ಅಂತಾಳೆ. ಹೇಳಿದ್ದು ಕೇಳೋಳಲ್ಲ, ಬರೆದದ್ದಾದ್ರೆ ಬಿಡೋಳಲ್ಲ. ಪೊಟ್ಟಣ ಕಟ್ಟಿದ ಕಾಗದಾನೂ ಬಿಡಿಸಿ ಓದೋಳು ಅವಳು. ನಿಮ್ಮ ಪೇಪರು ಅವಳ ಫೋನಿಗೆ ಬರುತ್ತಲ್ವಾ?”

ಬರುತ್ತದೆ. ಏನು ಬರೆಯಲಿ ಎಂದು ಕೇಳುತ್ತೇನೆ.

“ಹುರಿ ಹೊಸೆಯೋವಾಗ ಆ ತುದಿ ತಾನಾಗೇ ನಡುಗುತ್ತೆ ಅಂತ ಬರೀರಿ. ಅವಳಿಗೂ ಗೊತ್ತು ಅದು, ಮರೆತಿದ್ದಾಳೆ. ಅಲ್ಲಿ ಅವಳ ಕೈಯೂ ನಡುಗಿದ್ರೆ ಯಾರಿಗೆ ಗೊತ್ತಾಗುತ್ತೆ? ಬಾ ಅಂತ ಬರೀರಿ.”