ಗೆಲ್ಲುತ್ತಿರುವ ಮ್ಯಾನೇಜರರ ಮೇಲೊಂದು ಅರ್ಜಿ

ಕಳೆದ ಭಾನುವಾರ ನಮ್ಮ ಫುಟ್‌ಬಾಲ್ ತಂಡ ಗೆದ್ದಿತು. ಗೆದ್ದು ಒಂದು ತಾಸು ಆಗಿರಲಿಲ್ಲ, ತಂಡದ ಮ್ಯಾನೇಜರರನ್ನು ತೆಗೆದುಹಾಕುವ ಬಗ್ಗೆ ಸಭೆ ಸೇರಿತು.

ಸೋತಿದ್ದರೆ ಸರಿ, ಗೆದ್ದ ಮೇಲೆ ಏಕೆ ಎನ್ನುತ್ತೀರಾ? ಹಾಗಾದರೆ ನೀವು ಫುಟ್‌ಬಾಲ್ ಅಭಿಮಾನಿಗಳಲ್ಲ. ನಿಮ್ಮ ಪುಣ್ಯ.

ವಿಷಯವನ್ನು ಮೊದಲಿನಿಂದಲೇ ಹೇಳುತ್ತೇನೆ. ನಮ್ಮ ತಂಡವೆಂದರೆ ದಾದರ್, ಮಾಟುಂಗದ ಹೋಟೆಲುಗಳಲ್ಲಿ ದುಡಿಯುವ ಕನ್ನಡಿಗರ ತಂಡ. ಎಲ್ಲರೂ ಕನ್ನಡ ನೈಟ್ ಸ್ಕೂಲಿನಲ್ಲಿ ಓದುವವರು. ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ಕ್ರಿಕೆಟ್ ಒಳಗೆ ಹೋಗುತ್ತದೆ, ಫುಟ್‌ಬಾಲ್ ಹೊರಗೆ ಬರುತ್ತದೆ. ನಮ್ಮವರು ಬರಿಗಾಲಿನಲ್ಲಿ ಕೆಸರಿಗೆ ಇಳಿಯುತ್ತಾರೆ. ನಾವು ಕೊಡೆ ಹಿಡಿದು ಅಂಚಿನಲ್ಲಿ ನಿಂತು ಸಲಹೆ ಕೊಡುತ್ತೇವೆ. (ಕೆಸರು ಅವರಿಗೆ, ಅಭಿಪ್ರಾಯ ನಮಗೆ.)

ಮ್ಯಾನೇಜರರು ಶಿವಲಿಂಗಪ್ಪ ಮಾಸ್ತರರು. ಧಾರವಾಡದ ಕಡೆಯವರು. ಬೆಳಗಿನ ಜಾವ ರೈಲ್ವೆಯ ಪಾರ್ಸೆಲ್ ಆಫೀಸಿಗೆ ಹೋಗಿ ಮಧ್ಯಾಹ್ನ ಒಂದಕ್ಕೆ ಮನೆಗೆ ಬರುತ್ತಾರೆ, ರಾತ್ರಿ ಅದೇ ನೈಟ್ ಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ನಮ್ಮ ಚಾಳಿನಲ್ಲಿ ನನ್ನ ಖೋಲಿಯಿಂದ ಮೂರನೆಯದು ಅವರದು. ಜನ್ಮದಲ್ಲಿ ಚೆಂಡು ಒದ್ದವರಲ್ಲ. ಒದ್ದವನು ನಾನೂ ಅಲ್ಲ. ಆದರೆ ನಾನು ಅಭಿಮಾನಿ, ನನಗೆ ಆ ಅರ್ಹತೆ ಬೇಕಿಲ್ಲ.

ಮಾಸ್ತರರು ಈ ವರ್ಷ ಜವಾಬ್ದಾರಿ ವಹಿಸಿಕೊಂಡ ಕೂಡಲೇ ಒಂದು ವಿಚಿತ್ರ ಕೆಲಸ ಮಾಡಿದರು. ಯಾರು ಹೋಟೆಲಿನಲ್ಲಿ ಏನು ಕೆಲಸ ಮಾಡುತ್ತಾರೆ ಎಂದು ವಿಚಾರಿಸಿ, ಅದರ ಮೇಲೆ ಮೈದಾನದಲ್ಲಿ ಜಾಗ ಹಂಚಿದರು. ರುಬ್ಬುವ ಕಲ್ಲಿನ ಮುಂದೆ ಕೂರುವ ಇಬ್ಬರು ಬ್ಯಾಕ್. ಸೊಂಟ ಗಟ್ಟಿ, ಯಾರು ತಳ್ಳಿದರೂ ಅಲುಗುವುದಿಲ್ಲ ಎಂದು. ಕೈತುಂಬ ಕಪ್ಪು ಹಿಡಿದು ಟೇಬಲ್ಲುಗಳ ನಡುವೆ ನುಸುಳುವ ಸಪ್ಲಾಯರುಗಳು ಫಾರ್ವರ್ಡ್. ಗೋಲಿಗೆ ನಿಲ್ಲಿಸಿದ್ದು ಯಾರನ್ನು ಗೊತ್ತೇ? ದಾದರಿನ ಭುಜಂಗ ಶೆಟ್ಟರ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವ ರಾಮಣ್ಣನನ್ನು. ಅವನ ಕಣ್ಣು ಬಾಗಿಲಿನಿಂದ ಕದಲುವುದೇ ಇಲ್ಲವಂತೆ.

ಈ ಹಂಚಿಕೆಯಲ್ಲಿ ಜಾಗ ಕಳೆದುಕೊಂಡವನು ನಮ್ಮ ಹಳೆಯ ಸೆಂಟರ್ ಫಾರ್ವರ್ಡ್ ವಿಠಲ. ಚೆಂಡು ಸಿಕ್ಕರೆ ಬೇರೆಯವರಿಗೆ ಕೊಟ್ಟು ಗೊತ್ತಿಲ್ಲದವನು. ಅವನು ಭುಜಂಗ ಶೆಟ್ಟರ ಹೆಂಡತಿಯ ತಮ್ಮ ಎಂಬುದನ್ನೂ ಹೇಳಿಬಿಡುತ್ತೇನೆ. ಮುಂದಿನದು ಅರ್ಥವಾಗಲು ಅದು ಬೇಕು.

ಮೊದಲ ಮೂರು ಮ್ಯಾಚು ಸೋತೆವು. ಹೀಗೇ ಹೋದರೆ ಕೆಳಗಿನ ಡಿವಿಜನ್ನಿಗೆ ಬೀಳುವುದು ಖಂಡಿತ. ಭುಜಂಗ ಶೆಟ್ಟರ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ನಾವು ಅಭಿಮಾನಿಗಳು ಸೇರಿದೆವು. (ಪಾನನಿರೋಧದ ಊರು. ಇಷ್ಟೂ ಆವೇಶ ಬರೀ ಚಹಾದ್ದು.) ಕರ್ನಾಟಕ ಒಂದಾಗಬೇಕು ಎಂದು ಸಭೆಗಳಲ್ಲಿ ಒಟ್ಟಿಗೆ ಕೂತು ಚಪ್ಪಾಳೆ ತಟ್ಟುವವರೇ ನಾವೆಲ್ಲ. ಆದರೆ ತಂಡ ಸೋತ ದಿನ ಮಾಸ್ತರರು ಧಾರವಾಡದವರು ಎಂಬುದು ನಮಗೆ ತಟ್ಟನೆ ನೆನಪಾಗುತ್ತದೆ. ಗೆದ್ದ ದಿನ, ಆಡಿದವರೆಲ್ಲ ಉಡುಪಿ ಮಂಗಳೂರಿನವರು ಎಂಬುದು ನೆನಪಾಗುತ್ತದೆ.

ಐವತ್ತು ಸಹಿ ಮಾಡಿಸಿ ತಂಡದ ಕಮಿಟಿಗೆ ಅರ್ಜಿ ಕೊಡುವುದು, ಮಾಸ್ತರರನ್ನು ತೆಗೆಸುವುದು ಎಂದು ಭುಜಂಗ ಶೆಟ್ಟರ ಸೂಚನೆಯಂತೆ ನಿರ್ಣಯವಾಯಿತು. ಬರೆಯುವವರು ಯಾರು? ಪತ್ರಿಕೆಗೆ ವಾರ ವಾರ ಬರೆಯುವವನೊಬ್ಬ ಅಲ್ಲೇ ಕೂತು ವಡೆ ತಿನ್ನುತ್ತಿದ್ದನಲ್ಲ. ಬರೆದೆ. ಎರಡನೆಯ ಪ್ಯಾರಾದಲ್ಲಿ ನನ್ನ ಲೇಖನಿಗೆ ರಂಗೇರಿತು. ‘ರುಬ್ಬುವವರು ರುಬ್ಬಲಿ, ಬಡಿಸುವವರು ಬಡಿಸಲಿ, ಚೆಂಡಿನ ವಿಷಯದಲ್ಲಿ ಅಡುಗೆಮನೆಗೆ ಏನು ಅಧಿಕಾರ?’ ಓದಿ ಹೇಳಿದಾಗ ಎಲ್ಲರೂ ಟೇಬಲ್ಲು ಕುಟ್ಟಿದರು. ನನಗೆ ಬಹಳ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಇನ್ನು ಅರ್ಜಿಯನ್ನು ಇಡುವುದೆಲ್ಲಿ? ನಿಮಗೆ ಗೊತ್ತೇ ಇದೆ, ಊರಿನ ಕಾಗದ, ಮನಿಯಾರ್ಡರಿನ ರಸೀದಿ, ಜಾತಕ, ಮದುವೆಯ ಕರೆಯೋಲೆ, ಇಲ್ಲಿನ ಕನ್ನಡಿಗರ ಕಾಗದಪತ್ರಗಳೆಲ್ಲ ಬಂದು ಕೂರುವುದು ಹೋಟೆಲಿನ ಗಲ್ಲಾದಲ್ಲಿ. ಚಾಳಿನ ವಿಳಾಸಕ್ಕೆ ಬಂದದ್ದು ಕಳೆದೀತು, ಗಲ್ಲಾಕ್ಕೆ ಬಂದದ್ದು ಕಳೆಯುವುದಿಲ್ಲ. ಆ ರೂಢಿಯಂತೆ ಅರ್ಜಿಯನ್ನೂ ಗಲ್ಲಾದಲ್ಲೇ ಇಟ್ಟೆವು, ಬಂದು ಹೋಗುವವರು ಸಹಿ ಹಾಕಲಿ ಎಂದು. ಗಲ್ಲಾದ ಮೇಲೆ ಕೂರುವವನು ತಂಡದ ಗೋಲ್‌ಕೀಪರ್ ಎಂಬುದು ಅಷ್ಟು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ರಾಮಣ್ಣ ಅರ್ಜಿಯನ್ನು ಮಡಚಿ ಡ್ರಾಯರಿನಲ್ಲಿ ಇಟ್ಟುಕೊಂಡ. ಯಾರು ಕೇಳಿದರೂ ತೆಗೆದು ಕೊಟ್ಟ, ಸಹಿಯಾದ ಮೇಲೆ ಮತ್ತೆ ಮಡಚಿ ಇಟ್ಟ. ಮುಖದಲ್ಲಿ ಏನೂ ಇಲ್ಲ.

ಮುಂದಿನ ಭಾನುವಾರ ಮ್ಯಾಚು ಸಮವಾಯಿತು. ಅದರ ಮುಂದಿನ ವಾರ ಗೆದ್ದೆವು. ಮತ್ತೂ ಒಂದು ಗೆದ್ದೆವು. ಆಮೇಲೆ ಇನ್ನೊಂದು.

ಈಗ ಏನು ಮಾಡಬೇಕು? ಅರ್ಜಿ ಹರಿದುಹಾಕಬೇಕು ತಾನೇ? ಇಲ್ಲ. ಮೂಲೆಯ ಟೇಬಲ್ಲಿನಲ್ಲಿ ಪ್ರತಿ ಗೆಲುವಿಗೂ ಒಂದೊಂದು ಕಾರಣ ಸಿಕ್ಕಿತು. ಮೊದಲನೆಯದು ಮಳೆಯಿಂದ ಗೆದ್ದದ್ದು. ಎರಡನೆಯ ಸಲ ಎದುರಾಳಿಗಳ ಕ್ಯಾಪ್ಟನ್ನಿಗೆ ಜ್ವರ. ಮೂರನೆಯ ಸಲ ರೆಫರಿ ಒಳ್ಳೆಯವನು. ಮಾಸ್ತರರು ಇದ್ದರೂ ಗೆದ್ದರು ಎಂದೇ ಎಲ್ಲರ ವಾದ, ಮಾಸ್ತರರಿಂದ ಗೆದ್ದರು ಎಂದವರು ಒಬ್ಬರಿಲ್ಲ.

ನಗಬೇಡಿ. ಮನೆಯಲ್ಲಿ ಸಾರು ರುಚಿಯಾದ ದಿನ ನಾವು ಏನು ಹೇಳುತ್ತೇವೆ? ಈ ಸಲದ ಬೇಳೆ ಚೆನ್ನಾಗಿದೆ ಎನ್ನುತ್ತೇವೆ. ಕೆಟ್ಟ ದಿನ ಬೇಳೆಯ ಹೆಸರು ಎತ್ತುತ್ತೇವೆಯೇ? ನಾನಂತೂ ಎತ್ತಿದ್ದಿಲ್ಲ. ನನ್ನ ಹೆಂಡತಿ ಈ ಅಂಕಣ ಓದುತ್ತಾಳೆ, ಆದ್ದರಿಂದ ನಿಜವನ್ನೇ ಬರೆಯುತ್ತಿದ್ದೇನೆ.

ಭುಜಂಗ ಶೆಟ್ಟರದ್ದು ಮಾತ್ರ ಬೇರೆಯೇ ಸಂಶೋಧನೆ. ಅರ್ಜಿ ಬರೆದ ಮೇಲಲ್ಲವೇ ತಂಡ ಗೆಲ್ಲಲು ಶುರುಮಾಡಿದ್ದು? ಅಂದರೆ ಅರ್ಜಿಯ ಕಾಲ್ಗುಣ ಒಳ್ಳೆಯದು, ಸಹಿಗಳು ಮುಂದುವರಿಯಲಿ ಎಂದರು. ಗೆದ್ದಷ್ಟೂ ಸಹಿ ಹೆಚ್ಚಾಯಿತು. ಕೊನೆಯ ಮ್ಯಾಚಿನ ಹೊತ್ತಿಗೆ ನಲವತ್ತಾರು ಆಗಿದ್ದವು.

ಕೊನೆಯ ಮ್ಯಾಚೂ ಗೆದ್ದರೆ ಮಾತ್ರ ನಾವು ಡಿವಿಜನ್ನಿನಲ್ಲಿ ಉಳಿಯುವುದು. ಸೋತರೆ ತಂಡವೂ ಕೆಳಗೆ, ಮಾಸ್ತರರೂ ಮನೆಗೆ. ಆ ವಾರದ ಬುಧವಾರ ಸಂಜೆ ಮಾಸ್ತರರು ನನ್ನ ಖೋಲಿಗೆ ಬಂದರು. ನನ್ನ ಹೆಂಡತಿ ಅವಲಕ್ಕಿ ಕೊಟ್ಟಳು. ಎರಡು ತುತ್ತು ತಿಂದು ಕೇಳಿದರು:

“ರಾಯರ, ಆ ಅರ್ಜಿ ನಿಮ್ಮ ಕೈಬರಹ ಅಲ್ರೀ?”

ಇನ್ನಷ್ಟು ಅವಲಕ್ಕಿ ತಾ ಎಂದು ನಾನು ಹೆಂಡತಿಯನ್ನು ಕೂಗಿದೆ. ಅವರ ಮುಖದಲ್ಲಿ ಸಿಟ್ಟು ಮಾತ್ರ ಕಾಣಲಿಲ್ಲ. ಅವರೇ ಎಲ್ಲ ಹೇಳಿದರು. ಅರ್ಜಿ ಗಲ್ಲಾ ಸೇರಿದ ದಿನವೇ ರಾಮಣ್ಣ ಅವರಿಗೆ ತೋರಿಸಿದ್ದ. ಅಂದಿನಿಂದ ಪ್ರತಿ ಭಾನುವಾರ ಮೈದಾನಕ್ಕೆ ಹೊರಡುವ ಮುಂಚೆ, ಹೋಟೆಲಿನ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ ತಂಡವನ್ನು ನಿಲ್ಲಿಸಿ, ನನ್ನ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದರಂತೆ.

“ಎರಡನೇ ಪ್ಯಾರಾ ಭಾಳ ಛಲೋ ಬಂದೈತ್ರಿ. ಅದನ್ನ ಕೇಳಿದ್ರ ಎಲ್ಲಾರೂ ಹಲ್ಲು ಕಡೀತಾರ. ಮುಂದ ನಾ ಏನೂ ಹೇಳೋದಽ ಬ್ಯಾಡ.”

ಆದರೆ ಈಗ ಒಂದು ತೊಂದರೆ. ನಾಲ್ಕು ಸಲ ಓದಿ ಆಗಿದೆ. ಹೋದ ವಾರ ಓದುವಾಗ ರೈಟ್ ಬ್ಯಾಕ್ ಆಕಳಿಸಿದನಂತೆ. ಕೊನೆಯ ಮ್ಯಾಚಿಗೆ ಹೊಸದೊಂದು ಬರೆದುಕೊಡಿ, ಖಾರ ಸ್ವಲ್ಪ ಹೆಚ್ಚಿಗೆ ಇರಲಿ ಎಂದು ಕೇಳಲು ಬಂದಿದ್ದರು.

ತಮ್ಮನ್ನೇ ಬೈದು ಬರೆಯಿರಿ ಎಂದು ಕೇಳಿಕೊಂಡು ಬಂದವರನ್ನು ನೀವು ಕಂಡಿದ್ದೀರಾ? ನಾನು ಕಾಗದ ತೆಗೆದೆ, ಪೆನ್ನು ತೆಗೆದೆ. ಒಂದು ಸಾಲೂ ಬರಲಿಲ್ಲ. ಬೆನ್ನ ಹಿಂದೆ ಅಷ್ಟು ಸಲೀಸಾಗಿ ಹರಿದ ಭಾಷೆ, ಮನುಷ್ಯ ಎದುರಿಗೆ ಕೂತು ಅವಲಕ್ಕಿ ತಿನ್ನುತ್ತಿದ್ದರೆ ಬತ್ತಿಹೋಗುತ್ತದೆ. ನಾಚಿಕೆ ಬೇರೆ. ಅಡುಗೆಮನೆಗೆ ಏನು ಅಧಿಕಾರ ಎಂದು ಬರೆದವನು ನಾನು, ಅದೇ ಅಡುಗೆಮನೆಯವರು ನಾಲ್ಕು ವಾರದಿಂದ ನನಗೆ ಬಿಸಿ ಬಿಸಿ ವಡೆ ತಂದುಕೊಡುತ್ತಿದ್ದರು, ಎಲ್ಲ ಗೊತ್ತಿದ್ದೂ.

ನನ್ನಿಂದ ಆಗದು ಎಂದು ಕಂಡು ಮಾಸ್ತರರು ತಾವೇ ಹೇಳುತ್ತೇನೆ ಎಂದರು, ನಾನು ಬರೆದುಕೊಂಡೆ. ‘ಈ ಮ್ಯಾನೇಜರರು ಚೆಂಡು ಒದ್ದವರಲ್ಲ.’ ಆಯಿತು. ‘ಫಾರ್ವರ್ಡ್ ಆಡುವ ಸಪ್ಲಾಯರ್ ಸಂಜೀವನ ಪಾದ ಗಾಜು ತಗಲಿ ಸೀಳಿದ್ದನ್ನು ಕಂಡೂ ಅವನನ್ನು ಆಡಿಸಿದರು.’ ಅದನ್ನೂ ಬರೆದಾಯಿತು. ಆಮೇಲೆ ಅವಲಕ್ಕಿಯ ತಟ್ಟೆಯನ್ನು ಬದಿಗೆ ಸರಿಸಿದರು.

“ಮುಂಜಾನಿ ನಾಕಕ್ಕ ಏಳ್ತಾರ್ರಿ ಅವರು. ಮಧ್ಯಾಹ್ನ ಅಡ್ಡಾಗಲಿಕ್ಕೆ ಸಿಗೋದು ಒಂದೂವರಿ ತಾಸು. ಪ್ರ್ಯಾಕ್ಟೀಸ್ ಅಂತ ಆ ನಿದ್ದಿ ನಾ ಕಸಗೊಂಡೇನಿ. ಅದನ್ನ ದೊಡ್ಡ ಅಕ್ಷರದಾಗ ಬರೀರಿ.”

ಇದು ಖಾರಕ್ಕೆಂದು ಹೇಳಿದ್ದಲ್ಲ. ಆ ಮನುಷ್ಯ ಮೂರು ತಿಂಗಳಿಂದ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು. ನಾನು ದೊಡ್ಡ ಅಕ್ಷರದಲ್ಲೇ ಬರೆದೆ. ನನ್ನ ಅರ್ಜಿಯಲ್ಲಿ ಅಲಂಕಾರವೆಲ್ಲ ಇತ್ತು, ಅವರ ಒಂದೂ ನಿಜವಾದ ತಪ್ಪು ಇರಲಿಲ್ಲ ಎಂದು ಆಗ ಗೊತ್ತಾಯಿತು. ಮಾಸ್ತರರು ಹೊಸ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು, ಅವಲಕ್ಕಿ ಚೆನ್ನಾಗಿತ್ತು ಎಂದು ನನ್ನ ಹೆಂಡತಿಗೆ ಹೇಳಿ ಶಾಲೆಗೆ ಹೋದರು. (ಅವಲಕ್ಕಿ ಚೆನ್ನಾಗಿದೆ ಎಂದರು, ಯಾವ ಅಂಗಡಿಯದು ಎಂದು ಕೇಳಲಿಲ್ಲ. ಹೆಂಡತಿ ಇದನ್ನು ಎರಡು ದಿನ ನನಗೆ ನೆನಪಿಸಿದಳು.)

ಭಾನುವಾರ ಒಂದೇ ಸಮನೆ ಮಳೆ. ಅರ್ಧ ಆಟದವರೆಗೆ ಗೋಲಿಲ್ಲ. ಎದುರಾಳಿಗಳು ಬೂಟು ಹಾಕಿದ ಮಿಲ್ಲಿನ ತಂಡ, ನಮ್ಮ ಎರಡರಷ್ಟು ಎತ್ತರ. ಹತ್ತಿರದಿಂದ ಒದ್ದ ಒಂದು ಚೆಂಡನ್ನು ರಾಮಣ್ಣ ಅಡ್ಡ ಬಿದ್ದು ಹಿಡಿದ. ಕೊನೆಗೆ ಸಂಜೀವ, ಭಾನುವಾರ ಸಂಜೆಯ ಗಿರಾಕಿಗಳ ನಡುವೆ ನುಸುಳುವ ಹಾಗೆಯೇ ಇಬ್ಬರ ಸಂದಿಯಲ್ಲಿ ನುಗ್ಗಿ ಗೋಲು ಹೊಡೆದ. ನಾನು ಕೊಡೆ ಬಿಸಾಡಿ ಕುಣಿದೆ. ಕೊಡೆ ಇನ್ನೂ ಸಿಕ್ಕಿಲ್ಲ.

ಮೊದಲೇ ಹೇಳಿದ ಸಭೆ ಇದಾದ ಮೇಲೆ ಸೇರಿದ್ದು. ಸೀಜನ್ ಮುಗಿಯಿತಲ್ಲ, ಅರ್ಜಿಯನ್ನು ಏನು ಮಾಡುವುದು? ಗೋಲು ಮ್ಯಾನೇಜರರಿಂದ ಆದದ್ದಲ್ಲ, ಸಂಜೀವನ ಸ್ವಂತ ಬುದ್ಧಿ ಎಂದು ಒಬ್ಬರು ವಾದಿಸುತ್ತಿದ್ದರು. ಅಷ್ಟರಲ್ಲಿ ಸಂಜೀವನೇ ಚಹಾ ತಂದಿಟ್ಟ. ಕಾಲು ತೊಳೆದು, ಪಟ್ಟಿ ಕಟ್ಟಿಕೊಂಡು ಡ್ಯೂಟಿಗೆ ಇಳಿದಿದ್ದ. ಭಾನುವಾರ ಸಂಜೆ, ಹೋಟೆಲಿನಲ್ಲಿ ರಶ್. ಅವನ ಗೋಲು ಹೇಗಾಯಿತು ಎಂದು ಅವನ ಮುಂದೆಯೇ ಏಳು ಜನ ಜಗಳವಾಡಿದರು. ಅವನನ್ನು ಯಾರೂ ಕೇಳಲಿಲ್ಲ. ಸಕ್ಕರೆ ಸಾಕೇ ಎಂದು ಅವನೇ ಕೇಳಿ ಹೋದ.

ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಗಲ್ಲಾದ ಹತ್ತಿರ ಹೋದೆ. ರಾಮಣ್ಣ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಕೂತಿದ್ದ. ಹೊಸ ಅರ್ಜಿ ಓದಿದರೇ ಎಂದು ಮೆಲ್ಲಗೆ ಕೇಳಿದೆ.

“ಓದಿದ್ರು ರಾಯರೆ. ಅದರಲ್ಲಿ ಒಂದು ತಪ್ಪುಂಟು,” ಎಂದ. “ಆ ನಿದ್ದೆಯ ವಿಷಯ. ಅವ್ರು ಆಫೀಸಿಂದ ಬಂದು ಸುಸ್ತಾಗಿ ಮಲಗಿರ್ತಾರೆ, ನಾವು ಹೋಗಿ ಬಾಗಿಲು ಬಡಿದು ಎಬ್ಬಿಸುದು. ನಿದ್ದೆ ಹಾಳು ಮಾಡುದು ನಾವು. ಅಲ್ಲಿಗೇ ಸಾಕು ಮಾಸ್ತರೆ ಅಂತ ನಿಲ್ಲಿಸಿದೆವು. ಮುಂದೆ ಓದ್ಲಿಕ್ಕೆ ಬಿಡ್ಲಿಲ್ಲ.”

ಹಳೆಯ ಅರ್ಜಿಯ ಎರಡನೆಯ ಪ್ಯಾರಾದ ಬಗ್ಗೆ ನಾನು ಏನೋ ಹೇಳಲು ಹೊರಟೆ. ಅದು ನಮಗೆಲ್ಲ ಬಾಯಿಪಾಠ ರಾಯರೆ ಎಂದು, ಸಿಟ್ಟಿಲ್ಲದೆ ಹೇಳಿ, ನನ್ನ ಹಿಂದೆ ನಿಂತಿದ್ದ ಗಿರಾಕಿಯ ಕಡೆ ತಿರುಗಿದ. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಡ್ರಾಯರಿನಿಂದ ಆ ಹಳೆಯ ಅರ್ಜಿ ತೆಗೆಸಿಕೊಂಡು ಟೇಬಲ್ಲಿಗೆ ಬಂದು, ಇದನ್ನು ಹರಿದುಬಿಡೋಣ ಎಂದೆ. ಭುಜಂಗ ಶೆಟ್ಟರು ನನ್ನ ಕೈ ಹಿಡಿದರು.

“ಮ್ಯಾನೇಜರು ಇರ್ಲಿ, ಬೇಡ ಅನ್ನುದಿಲ್ಲ. ಅರ್ಜಿಯೂ ಇರ್ಲಿ ಮಾರಾಯ್ರೆ. ಬರುವ ವರ್ಷ ಎಂತದಕ್ಕೂ ಬೇಕಾಗ್ತದೆ.”

ಸರ್ವಾನುಮತದಿಂದ ಪಾಸಾಯಿತು. ಬರುವ ವರ್ಷಕ್ಕೂ ಮಾಸ್ತರರೇ ಮ್ಯಾನೇಜರರು, ಅವರನ್ನು ತೆಗೆಯುವ ಅರ್ಜಿಯೂ ಚಾಲ್ತಿಯಲ್ಲಿ. ಎರಡನೆಯ ಪ್ಯಾರಾವನ್ನು ಮಾತ್ರ ನಾನು ಅಲ್ಲೇ, ಎಲ್ಲರೂ ಬೇಡವೆಂದರೂ, ಮಸಿ ಎಳೆದು ಹೊಡೆದುಹಾಕಿದೆ. ಚೆನ್ನಾಗಿ ಬಂದಿತ್ತಲ್ಲ ಎಂದು ಎಲ್ಲರಿಗೂ ಬೇಸರ.

ಅಂದಿನಿಂದ ಒಂದು ಯೋಚನೆ ನನ್ನನ್ನು ಬಿಡುತ್ತಿಲ್ಲ. ನಾಳೆ ನನ್ನ ಮೇಲೆ ಯಾರಾದರೂ ಇಂಥದೊಂದು ಅರ್ಜಿ ಬರೆದರೆ, ಓದುವುದನ್ನು ಅರ್ಧಕ್ಕೆ ತಡೆದು ಸಾಕು ಎನ್ನುವವರು ಎಷ್ಟು ಜನ? ಮಾಸ್ತರರಿಗೆ ಹನ್ನೊಂದು ಮಂದಿ ಇದ್ದಾರೆ. ನನಗೆ ಮನೆಯಿಂದಲೇ ಎಣಿಸುವುದು ವಾಸಿ ಎಂದು ಹೆಂಡತಿಯನ್ನು ಕೇಳಿದೆ.

“ಅದರಲ್ಲಿ ಎಂತ ಬರ್ದಿದ್ದಾರೆ ಅಂತ ಮೊದ್ಲು ಪೂರ್ತಿ ಓದ್ಬೇಕಲ್ಲ,” ಎಂದಳು.